ವೈರಸ್‌ನಲ್ಲಿಲ್ಲದ ಪ್ರೋಟೀನು ಲ್ಯಾಬ್ ಚೀಟಿಯಲ್ಲಿ ಯಾಕೆ?

ಹೋದ ಮಳೆಗಾಲ ಅಕ್ಕನ ಮಗನಿಗೆ ಜ್ವರ ಬಂತು. ಮೊದಲ ಮೂರು ದಿನ ಮನೆಯಲ್ಲೇ ಪ್ಯಾರಾಸಿಟಮಾಲ್. ಆಮೇಲೆ ಎರಡು ದಿನ ‘ನಾಳೆ ನೋಡೋಣ’ ಅಂತ ಕಳೆದುಹೋಯಿತು. ಆರನೇ ದಿನ ಬೆಳಿಗ್ಗೆ ಮೈ ತಣ್ಣಗಾಗಿತ್ತು, ಆದರೆ ಹುಡುಗ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಬೀದಿ ಕೊನೆಯ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದರು. ಮಧ್ಯಾಹ್ನ ಅಕ್ಕನ ಫೋನು.

“ಡೆಂಗಿ ಇಲ್ವಂತೆ ಕಣೋ, ಸದ್ಯ! ಎನ್‌ಎಸ್‌1 ನೆಗೆಟಿವ್ ಅಂತ ಬಂದಿದೆ.”

“ಐಜಿಎಂ ಅಂತ ಇನ್ನೊಂದು ಸಾಲು ಇದೆಯಾ ನೋಡಕ್ಕ.”

ಇರಲಿಲ್ಲ. ಲ್ಯಾಬಿನವರು ಒಂದೇ ಪರೀಕ್ಷೆ ಮಾಡಿ ಕಳಿಸಿದ್ದರು. ಸಂಜೆ ಡಾಕ್ಟರು ಐಜಿಎಂ, ಅಂದರೆ ವೈರಸ್ ವಿರುದ್ಧ ದೇಹ ಮೊದಮೊದಲು ಮಾಡಿಕೊಳ್ಳುವ ಆಂಟಿಬಾಡಿಯ ಪರೀಕ್ಷೆ, ಮಾಡಿಸಿದರು, ಅದು ಪಾಸಿಟಿವ್. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಹುಡುಗ ಮನೆಗೆ ಬಂದ. ಅವನು ಈಗ ಚೆನ್ನಾಗಿದ್ದಾನೆ. ನನ್ನ ತಲೆಯಲ್ಲಿ ಉಳಿದದ್ದು ಆ ಚೀಟಿ. ಎನ್‌ಎಸ್‌1 ಅನ್ನುವ ಮಾತು ಈಗ ಆಟೋ ಸ್ಟ್ಯಾಂಡಿನಲ್ಲೂ ಕೇಳಿಸುತ್ತದೆ. ಅದು ಏನು ಅಂತ ಕೇಳಿದರೆ ‘ಡೆಂಗಿ ಟೆಸ್ಟು’ ಅನ್ನುತ್ತಾರೆ. ನಿಜಕ್ಕೂ ಅದು ಡೆಂಗಿ ವೈರಸ್‌ನ ಒಂದು ಪ್ರೋಟೀನು. ಆದರೆ ಡೆಂಗಿ ವೈರಸ್ ಕಣವನ್ನು ಬಿಚ್ಚಿ ನೋಡಿದರೆ ಅದರೊಳಗೆ ಈ ಪ್ರೋಟೀನು ಸಿಗುವುದಿಲ್ಲ!

ಎನ್‌ಎಸ್ ಅಂದರೆ ನಾನ್‌ಸ್ಟ್ರಕ್ಚರಲ್. ಕಣದ ಕಟ್ಟಡದಲ್ಲಿ ಇಲ್ಲದ್ದು ಅಂತ ಅರ್ಥ. ಡೆಂಗಿ ವೈರಸ್‌ನ ಜೀನೋಮ್ ಪುಟ್ಟದು, ಸುಮಾರು 10,700 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆ. ಅದು ನಮ್ಮ ಜೀವಕೋಶದೊಳಗೆ ಹೋದಾಗ ಸುಮಾರು 3,400 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಪ್ರೋಟೀನ್ ಸರವಾಗಿ ತಯಾರಾಗುತ್ತದೆ. ಆಮೇಲೆ ಅದನ್ನು ತುಂಡು ಮಾಡಿದರೆ ಹತ್ತು ಪ್ರೋಟೀನು. ಮೂರು ಸೇರಿ ಕಣವಾಗುತ್ತವೆ: ಆರ್‌ಎನ್‌ಎ ಸುತ್ತಿಕೊಳ್ಳಲು ಒಂದು, ಹೊರಗಿನ ಹೊದಿಕೆಗೆ ಎರಡು. ಉಳಿದ ಏಳು ಕಣದೊಳಗೆ ಹೋಗುವುದೇ ಇಲ್ಲ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸೂ ಇದೇ ಕುಟುಂಬದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಅದರಲ್ಲೂ ಇದೇ ಲೆಕ್ಕ, ಮೂರು ಒಳಗೆ, ಏಳು ಹೊರಗೆ.

ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ಕಟ್ಟುತ್ತೇವಲ್ಲ, ಹಾಗೆ ಅಂದುಕೊಳ್ಳಿ. ಹಲಗೆ, ಜಾಕು, ಮೇಸ್ತ್ರಿ ಯಾವುದೂ ಗೃಹಪ್ರವೇಶದ ದಿನ ಕಾಣುವುದಿಲ್ಲ. ಅವಿಲ್ಲದೆ ಮನೆಯೂ ಏಳುವುದಿಲ್ಲ.

ಈ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. ಅದು ಪ್ರೋಟೀನು ಏನು ಮಾಡುತ್ತದೆ ಅಂತ ಹೇಳುವುದಿಲ್ಲ, ಎಲ್ಲಿ ಇಲ್ಲ ಅಂತ ಮಾತ್ರ ಹೇಳುತ್ತದೆ. ಒಂದೇ ಕೆಲಸದ ಪ್ರೋಟೀನು ಒಂದು ವೈರಸ್‌ನಲ್ಲಿ ಒಳಗಿರಬಹುದು, ಇನ್ನೊಂದರಲ್ಲಿ ಹೊರಗಿರಬಹುದು. ಆರ್‌ಎನ್‌ಎ ನಕಲು ತೆಗೆಯುವ ಪಾಲಿಮರೇಸನ್ನೇ ನೋಡಿ. ಡೆಂಗಿಯ ಆರ್‌ಎನ್‌ಎಯನ್ನು ನಮ್ಮ ಜೀವಕೋಶ ನೇರವಾಗಿ ಓದಬಲ್ಲದು. ಹಾಗಾಗಿ ವೈರಸ್ ಪಾಲಿಮರೇಸನ್ನು ಹೊತ್ತು ತರಬೇಕಿಲ್ಲ, ಬಂದ ಮೇಲೆ ಇಲ್ಲೇ ಮಾಡಿಸಿಕೊಳ್ಳುತ್ತದೆ. ರೇಬೀಸ್ ವೈರಸ್‌ನ ಆರ್‌ಎನ್‌ಎ ಉಲ್ಟಾ ಬರೆದಿರುತ್ತದೆ, ಜೀವಕೋಶಕ್ಕೆ ಅದನ್ನು ಓದಲು ಬರುವುದಿಲ್ಲ. ಅದಕ್ಕೆ ರೇಬೀಸ್ ತನ್ನ ಪಾಲಿಮರೇಸನ್ನು ಕಣದೊಳಗೇ ಇಟ್ಟುಕೊಂಡು ಬರಬೇಕು. ಕೆಲಸ ಒಂದೇ, ವಿಳಾಸ ಬೇರೆ. ಇನ್‌ಫ್ಲುಯೆಂಜಾದಲ್ಲಂತೂ ತಮಾಷೆಯೇ ಆಯಿತು. ಎನ್‌ಎಸ್‌2 ಅಂತ ಹೆಸರಿಟ್ಟ ಪ್ರೋಟೀನು ಆಮೇಲೆ ಕಣದೊಳಗೇ ಸಿಕ್ಕಿತು. ಕೊನೆಗೆ ಅದು ಮಾಡುವ ಕೆಲಸ ನೋಡಿ ಬೇರೆ ಹೆಸರು ಕೊಟ್ಟರು.

ಆದರೂ ಕಣದಲ್ಲಿ ಇಲ್ಲ ಅನ್ನುವ ಈ ಒಂದೇ ಗುಣದಿಂದ ನಮಗೆ ದೊಡ್ಡ ಉಪಯೋಗವಿದೆ. ವೈರಸ್ ಕಣ ಅನ್ನುವುದು ಬರೀ ಪಾರ್ಸೆಲ್ಲು. ಅದು ಸತ್ತು ಬಿದ್ದಿರಬಹುದು, ಲಸಿಕೆಯಾಗಿ ಬಾಟಲಿಯಲ್ಲಿ ಬಂದಿರಬಹುದು. ನಾನ್‌ಸ್ಟ್ರಕ್ಚರಲ್ ಪ್ರೋಟೀನು ಹಾಗಲ್ಲ. ಅದು ದೇಹದಲ್ಲಿ ಸಿಕ್ಕಿತು ಅಂದರೆ ಎಲ್ಲೋ ಒಂದು ಜೀವಕೋಶದೊಳಗೆ ವೈರಸ್‌ನ ಕೆಲಸ ನಡೆದಿದೆ ಅಂತಲೇ ಅರ್ಥ. ಸೆಂಟ್ರಿಂಗ್ ಹಲಗೆ ಕಂಡರೆ ಕಟ್ಟಡ ಏಳುತ್ತಿದೆ ಅಂತ ಹೇಳಬಹುದಲ್ಲ, ಹಾಗೆ. ಡೆಂಗಿ ಕಾರ್ಡು ನಡೆಯುವುದು ಇದರ ಮೇಲೆ.

ಆ ಕಾರ್ಡನ್ನು ಹತ್ತಿರದಿಂದ ನೋಡಿದ್ದೀರಾ? ಕೋವಿಡ್ ಕಾಲದ ಕಿಟ್‌ನಂಥದ್ದೇ ಬಿಳಿ ಪ್ಲಾಸ್ಟಿಕ್ ಪಟ್ಟಿ. ಒಂದು ತುದಿಯಲ್ಲಿ ಗುಂಡಿ. ರಕ್ತವನ್ನು ತಿರುಗಿಸಿ, ಮೇಲೆ ನಿಂತ ಹಳದಿ ಸೀರಂ ತೆಗೆದು, ಹನಿ ಹನಿಯಾಗಿ ಆ ಗುಂಡಿಗೆ ಬಿಡುತ್ತಾರೆ. ಕಾಗದದಲ್ಲಿ ತೇವ ಮೆಲ್ಲಗೆ ಏರುತ್ತದೆ. ದಾರಿಯಲ್ಲಿ ಎನ್‌ಎಸ್‌1 ಇದ್ದರೆ ಬಣ್ಣದ ಚೂರುಗಳಿಗೆ ಕಟ್ಟಿರುವ ಆಂಟಿಬಾಡಿ ಅದನ್ನು ಹಿಡಿದುಕೊಂಡು ಮುಂದಕ್ಕೆ ಒಯ್ಯುತ್ತದೆ, ಗೆರೆಯ ಹತ್ತಿರ ಇನ್ನೊಂದು ಆಂಟಿಬಾಡಿ ತಡೆದು ನಿಲ್ಲಿಸುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಕೆಲವೊಮ್ಮೆ ಅದು ಎಷ್ಟು ತೆಳು ಅಂದರೆ ಟೆಕ್ನಿಷಿಯನ್ ಕಿಟಕಿ ಹತ್ತಿರ ಹೋಗಿ ಓರೆಯಾಗಿ ಹಿಡಿದು ನೋಡಬೇಕು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಈ ಕಾರ್ಡ್ ಪರೀಕ್ಷೆಗೆ 250 ರೂಪಾಯಿ, ಲ್ಯಾಬಿನ ಯಂತ್ರದಲ್ಲಿ ಅಳೆದು ನೋಡುವ ಎಲೈಸಾ ಪರೀಕ್ಷೆಗೆ 300 ರೂಪಾಯಿ ಅಂತ ಗರಿಷ್ಠ ದರ ಕಟ್ಟಿತ್ತು. ಖಚಿತಪಡಿಸಲು ಸರ್ಕಾರದ ಲೆಕ್ಕದಲ್ಲಿ ನಡೆಯುವುದು ಎಲೈಸಾ, ಕಾರ್ಡಲ್ಲ.

ಹಾಗಾದರೆ ನಮ್ಮ ಹುಡುಗನಿಗೆ ನೆಗೆಟಿವ್ ಬಂದದ್ದು ಯಾಕೆ? ಎನ್‌ಎಸ್‌1 ರಕ್ತದಲ್ಲಿ ಮೊದಲ ದಿನದಿಂದಲೇ ಕಾಣುತ್ತದೆ. ಆದರೆ ಐದನೇ ದಿನದ ಹೊತ್ತಿಗೆ ಇಳಿಯತೊಡಗುತ್ತದೆ. ದೇಹ ಆಂಟಿಬಾಡಿ ಮಾಡಿಕೊಂಡಿರುತ್ತದೆ, ಅವು ಎನ್‌ಎಸ್‌1ಗೆ ಅಂಟಿಕೊಂಡು ಅದನ್ನು ಮುಚ್ಚಿಬಿಡುತ್ತವೆ. ಕಾರ್ಡಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಆಗ ನೋಡಬೇಕಾದದ್ದು ಐಜಿಎಂ. ಇಲ್ಲಿ ಇನ್ನೊಂದು ತೊಡಕಿದೆ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಹಿಂದೆ ಒಂದು ಬಗೆಯ ಡೆಂಗಿ ಬಂದು ಹೋದವರಲ್ಲಿ ಹಳೆಯ ಆಂಟಿಬಾಡಿ ಮೊದಲೇ ಸಿದ್ಧವಾಗಿರುತ್ತದೆ. ಎರಡನೇ ಸಲ ಬೇರೆ ಬಗೆ ಬಂದಾಗ ಎನ್‌ಎಸ್‌1 ಇನ್ನೂ ಬೇಗ ಮರೆಯಾಗುತ್ತದೆ. ಕಾಯಿಲೆ ಜೋರಾಗುವುದು ಸಾಮಾನ್ಯವಾಗಿ ಎರಡನೇ ಸಲವೇ. ಅಂದರೆ ಯಾರಿಗೆ ಅಪಾಯ ಜಾಸ್ತಿಯೋ, ಅವರಲ್ಲೇ ಈ ಪರೀಕ್ಷೆ ಕೈಕೊಡುವುದೂ ಜಾಸ್ತಿ. ಚೀಟಿಯ ಮೇಲೆ ಜ್ವರದ ಎಷ್ಟನೇ ದಿನ ರಕ್ತ ತೆಗೆದದ್ದು ಅಂತ ಬರೆಯದೆ ಬರೀ ‘ನೆಗೆಟಿವ್’ ಅಂತ ಬರೆದರೆ ಅದು ಅರ್ಧ ಮಾತು.

ಇಷ್ಟೇ ಆಗಿದ್ದರೆ ಎನ್‌ಎಸ್‌1 ಬರೀ ಗುರುತಿನ ಚೀಟಿ ಅಂತ ಬಿಡಬಹುದಿತ್ತು. ಬಹಳ ಕಾಲ ಹಾಗೇ ಅಂದುಕೊಂಡಿದ್ದರು. 1970ರ ಸುಮಾರಿಗೇ ಸಿಕ್ಕಿದ್ದ ಪ್ರೋಟೀನಿದು. ಜೀವಕೋಶದೊಳಗೆ ಎರಡೆರಡು ಜೊತೆಯಾಗಿ ಪೊರೆಗೆ ಅಂಟಿಕೊಂಡು, ಆರ್‌ಎನ್‌ಎ ನಕಲು ತೆಗೆಯುವ ಕೆಲಸಕ್ಕೆ ನೆರವಾಗುತ್ತದೆ. ಅಷ್ಟಾದ ಮೇಲೆ ಮೂರು ಜೊತೆ ಸೇರಿ, ನಡುವೆ ಕೊಬ್ಬಿನ ಅಂಶ ತುಂಬಿಕೊಂಡ ಪೀಪಾಯಿಯಂತಾಗಿ ರಕ್ತಕ್ಕೆ ಇಳಿಯುತ್ತದೆ. ಈ ಪೀಪಾಯಿಯ ಆಕಾರ ವಿವರವಾಗಿ ಗೊತ್ತಾದದ್ದು 2014ರಲ್ಲಿ. ಮರುವರ್ಷವೇ ಎರಡು ಗುಂಪುಗಳು ಒಂದೇ ಸಮಯಕ್ಕೆ ದೊಡ್ಡ ಸುದ್ದಿ ಕೊಟ್ಟವು. ಒಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಯಂಗ್ ಅವರದು, ಇನ್ನೊಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇವಾ ಹ್ಯಾರಿಸ್ ಅವರದು. ಎನ್‌ಎಸ್‌1 ತಾನೇ ರಕ್ತನಾಳಗಳನ್ನು ಸೋರಿಸಬಲ್ಲದು ಅಂತ ಅವರು ತೋರಿಸಿದರು. ಇಲಿಗಳಿಗೆ ಸಾಯಿಸದಷ್ಟು ವೈರಸ್ ಕೊಟ್ಟು, ಜೊತೆಗೆ ಎನ್‌ಎಸ್‌1 ಕೊಟ್ಟರೆ ಅವು ಸತ್ತವು. ಮೊದಲೇ ಎನ್‌ಎಸ್‌1 ಲಸಿಕೆಯಂತೆ ಕೊಟ್ಟಿದ್ದರೆ ಬದುಕಿದವು.

ರಕ್ತನಾಳದ ಒಳಗೋಡೆಯ ಮೇಲೆ ಸಕ್ಕರೆ ಎಳೆಗಳ ತೆಳ್ಳನೆಯ ಹಾಸು ಇರುತ್ತದೆ. ನೀರಿನಂಶ ಹೊರಗೆ ಜಿನುಗದಂತೆ ಅದು ತಡೆಯುತ್ತದೆ. ಎನ್‌ಎಸ್‌1 ತಾಕಿದಾಗ ನಮ್ಮದೇ ಕಿಣ್ವಗಳು ಎದ್ದು ಆ ಹಾಸನ್ನು ಕಿತ್ತುಹಾಕುತ್ತವೆ. ಇನ್ನೊಂದು ಕಡೆ ರೋಗನಿರೋಧಕ ಕೋಶಗಳು ಉರಿಯೂತದ ರಾಸಾಯನಿಕ ಸುರಿಸುತ್ತವೆ. ರಕ್ತದ ನೀರು ಹೊರಗೆ ಹೋಗುತ್ತದೆ, ಉಳಿದ ರಕ್ತ ಗಟ್ಟಿಯಾಗುತ್ತದೆ, ಹೊಟ್ಟೆ ಎದೆಗಳಲ್ಲಿ ನೀರು ತುಂಬುತ್ತದೆ. ಆಸ್ಪತ್ರೆಯಲ್ಲಿ ಹೆಮಟೋಕ್ರಿಟ್ ಅಂತ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಪದೇ ಪದೇ ನೋಡುವುದು ಈ ಸೋರಿಕೆ ಹಿಡಿಯಲು. ನಮ್ಮ ಕಡೆ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ಪಪ್ಪಾಯಿ ಎಲೆ ಅರೆದು ಕುಡಿಸುತ್ತಾರೆ, ಕಿವಿ ಹಣ್ಣು ಹುಡುಕಿಕೊಂಡು ಅಲೆಯುತ್ತಾರೆ. ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಸೋರಿಕೆ. ಅದು ಶುರುವಾಗುವುದೂ ಜ್ವರ ಇಳಿಯುವ ಹೊತ್ತಿಗೆ. ಮೈ ತಣ್ಣಗಾಯಿತು ಅಂತ ಮನೆಯವರು ಉಸಿರು ಬಿಟ್ಟ ಮೇಲಿನ ಒಂದೆರಡು ದಿನ ನೋಡಿಕೊಳ್ಳಬೇಕು. ತಡೆಯಲಾಗದ ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಮಂಕು ಇವು ಕಂಡರೆ ಚೀಟಿಯಲ್ಲಿ ಏನೇ ಬರೆದಿರಲಿ, ಆಸ್ಪತ್ರೆಗೆ ಹೋಗಬೇಕು.

ಆದರೆ ಎಲ್ಲ ತಪ್ಪನ್ನೂ ಎನ್‌ಎಸ್‌1 ತಲೆಗೆ ಕಟ್ಟುವುದು ಸರಿಯಲ್ಲ. ಸೋರಿಕೆ ಜೋರಾಗುವ ಹೊತ್ತಿಗೆ ರಕ್ತದಲ್ಲಿ ಅದು ಇಳಿಮುಖವಾಗಿರುತ್ತದೆ, ಹೊತ್ತಿಗೆ ಹೊತ್ತು ಹೊಂದುವುದಿಲ್ಲ. ಹಳೆಯ ಆಂಟಿಬಾಡಿ, ಟಿ ಕೋಶ ಅನ್ನುವ ರೋಗನಿರೋಧಕ ಕೋಶಗಳು, ಉರಿಯೂತ ಎಲ್ಲ ಸೇರಿ ಆಡುವ ಆಟ ಇದು. ಎನ್‌ಎಸ್‌1 ಅದರಲ್ಲಿ ಒಬ್ಬ ಮುಖ್ಯ ಆಟಗಾರ, ಅಷ್ಟು ಮಾತ್ರ ಗಟ್ಟಿಯಾಗಿ ಹೇಳಬಹುದು.

ಸೊಳ್ಳೆಯೊಳಗೂ ವೈರಸ್‌ಗೆ ಇದರಿಂದ ಲಾಭವಿದೆ. ಚೀನಾದ ಸಂಶೋಧಕರು 2016ರಲ್ಲಿ ತೋರಿಸಿದ ಹಾಗೆ, ರೋಗಿಯ ರಕ್ತದ ಜೊತೆ ಎನ್‌ಎಸ್‌1 ಕೂಡ ಹೊಟ್ಟೆಗೆ ಹೋದರೆ ಸೊಳ್ಳೆಯ ಕರುಳಿನ ಕಾವಲು ಸಡಿಲವಾಗುತ್ತದೆ, ವೈರಸ್ ಸುಲಭವಾಗಿ ನೆಲೆಯೂರುತ್ತದೆ. ಒಂದು ಪ್ರೋಟೀನಿಗೆ ಎಷ್ಟು ಕೆಲಸ ನೋಡಿ!

ಉಳಿದ ಆರರಲ್ಲಿ ಎರಡರ ಬಗ್ಗೆ ಹೇಳಿ ಮುಂದೆ ಹೋಗುತ್ತೇನೆ. ಎನ್‌ಎಸ್‌3 ಕತ್ತರಿ. ಎನ್‌ಎಸ್‌2ಬಿ ಜೊತೆ ಸೇರಿ ಆ ಉದ್ದ ಸರವನ್ನು ತುಂಡು ಮಾಡುವ ಕೆಲಸದಲ್ಲಿ ಅದರದ್ದು ದೊಡ್ಡ ಪಾಲು. ಎನ್‌ಎಸ್‌5 ನಕಲು ತೆಗೆಯುವ ಪಾಲಿಮರೇಸ್. ಬಿಡುವಿನಲ್ಲಿ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ: ‘ವೈರಸ್ ಬಂದಿದೆ’ ಅನ್ನುವ ಇಂಟರ್‌ಫೆರಾನ್ ಕೂಗನ್ನು ಜೀವಕೋಶದೊಳಗೆ ಒಯ್ಯುವ ಸ್ಟ್ಯಾಟ್‌2 ಅನ್ನುವ ಪ್ರೋಟೀನನ್ನು ನಾಶ ಮಾಡಿಸುತ್ತದೆ. ಮನುಷ್ಯನ ಸ್ಟ್ಯಾಟ್‌2 ಇದಕ್ಕೆ ಸಿಕ್ಕಿಬೀಳುತ್ತದೆ, ಇಲಿಯದು ಸಿಕ್ಕಿಬೀಳುವುದಿಲ್ಲ. ಪ್ರಯೋಗಾಲಯದ ಇಲಿಗೆ ಸುಮ್ನೆ ಡೆಂಗಿ ಬರಿಸಲು ಆಗದಿರುವುದಕ್ಕೆ ಇದೊಂದು ಕಾರಣ.

ಈಗ ಕೊಟ್ಟಿಗೆಗೆ ಬನ್ನಿ. ಕಣದಲ್ಲಿಲ್ಲದ ಪ್ರೋಟೀನನ್ನು ಅತ್ಯಂತ ಜಾಣತನದಿಂದ ಬಳಸಿಕೊಂಡವರು ಮನುಷ್ಯರ ಡಾಕ್ಟರುಗಳಲ್ಲ, ಪಶುವೈದ್ಯರು ಅಂತ ನನ್ನ ಅಭಿಪ್ರಾಯ.

2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಹಬ್ಬಿದ್ದು ಹಾಲಿನ ಸೀಮೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಸಾವಿರಾರು ರಾಸು ಸತ್ತವು. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಣ್ಣು, ಜೊಲ್ಲು ಸುರಿಸುತ್ತ ನಿಂತ ಮಿಶ್ರತಳಿ ಹಸುಗಳು. ಈ ವೈರಸ್‌ನ ಕಣ ನಾಲ್ಕು ಪ್ರೋಟೀನುಗಳಿಂದ ಕಟ್ಟಿದ್ದು. ಕಣದಲ್ಲಿಲ್ಲದವು ಹಲವು. ಅದರಲ್ಲಿ ಒಂದು ಜೀವಕೋಶದ ಅಡುಗೆಮನೆಗೆ ನುಗ್ಗಿ ಮನೆಯವರ ಅಡುಗೆ ನಿಲ್ಲಿಸಿ, ವೈರಸ್‌ನ ಅಡುಗೆಗೆ ಮಾತ್ರ ಒಲೆ ಬಿಟ್ಟುಕೊಡುವಂತೆ ಮಾಡುತ್ತದೆ.

2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ರಾಸುಗಳ ಕಿವಿಗೆ 12 ಅಂಕಿಯ ಹಳದಿ ಓಲೆ ಬಿತ್ತು. ಆರು ತಿಂಗಳಿಗೊಮ್ಮೆ ಲಸಿಕೆ. ಎಲ್ಲ ಸರಿ, ಆದರೆ ಒಂದು ಕಗ್ಗಂಟು ಇದೆ. ಲಸಿಕೆ ಹಾಕಿದ ಹಸುವಿನ ರಕ್ತದಲ್ಲೂ ವೈರಸ್ ವಿರುದ್ಧ ಆಂಟಿಬಾಡಿ ಇರುತ್ತದೆ, ರೋಗ ಬಂದು ಹೋದ ಹಸುವಿನಲ್ಲೂ ಇರುತ್ತದೆ. ಹಾಗಿದ್ದಾಗ ಊರಿನಲ್ಲಿ ವೈರಸ್ ನಿಜಕ್ಕೂ ಓಡಾಡುತ್ತಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಲಸಿಕೆ ಹಾಕಿಸಿಕೊಂಡ ಕೆಲವು ರಾಸುಗಳು ಕಾಯಿಲೆ ತೋರಿಸದೆಯೇ ಗಂಟಲಿನಲ್ಲಿ ವೈರಸ್ ಇಟ್ಟುಕೊಂಡಿರಬಹುದು.

ಉತ್ತರ ಇರುವುದು ಲಸಿಕೆ ತಯಾರಿಸುವ ರೀತಿಯಲ್ಲಿ. ಜೀವಕೋಶಗಳಲ್ಲಿ ವೈರಸ್ ಬೆಳೆಸುತ್ತಾರೆ, ರಾಸಾಯನಿಕ ಹಾಕಿ ಸಾಯಿಸುತ್ತಾರೆ. ಆ ಕಷಾಯದಲ್ಲಿ ಕಣಗಳೂ ಇರುತ್ತವೆ, ಕಣದಲ್ಲಿಲ್ಲದ ಪ್ರೋಟೀನುಗಳೂ ತೇಲುತ್ತಿರುತ್ತವೆ. ಆಮೇಲೆ ಅದನ್ನು ಸೋಸಿ, ಕಣ ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಆದಷ್ಟು ತೊಳೆದು ಬಿಡುತ್ತಾರೆ. ಹೀಗೆ ಶುದ್ಧ ಮಾಡಿದ ಲಸಿಕೆ ಹಾಕಿಸಿಕೊಂಡ ಹಸುವಿನಲ್ಲಿ ಕಣದ ವಿರುದ್ಧ ಮಾತ್ರ ಆಂಟಿಬಾಡಿ ಹುಟ್ಟುತ್ತದೆ. ನಿಜವಾದ ಸೋಂಕು ತಗುಲಿದ ಹಸುವಿನ ಜೀವಕೋಶದೊಳಗೆ ಎಲ್ಲ ಪ್ರೋಟೀನೂ ತಯಾರಾಗುತ್ತವೆ, ಹಾಗಾಗಿ ಎಲ್ಲದರ ವಿರುದ್ಧವೂ ಆಂಟಿಬಾಡಿ. ಸೀರಂ ತೆಗೆದು ಕಣದಲ್ಲಿಲ್ಲದ ಪ್ರೋಟೀನಿನ ವಿರುದ್ಧ ಆಂಟಿಬಾಡಿ ಇದೆಯಾ ಅಂತ ನೋಡಿದರೆ ಮುಗಿಯಿತು. ಇದಕ್ಕೆ ಡೈವಾ ಪರೀಕ್ಷೆ ಅನ್ನುತ್ತಾರೆ. 3ಎಬಿ3 ಅನ್ನುವ ಪ್ರೋಟೀನು ಬಳಸುವ ಕಿಟ್ಟನ್ನು ನಮ್ಮ ದೇಶದ ವಿಜ್ಞಾನಿಗಳೇ ಮಾಡಿದ್ದಾರೆ.

ಕುಂದಿಲ್ಲ ಅಂತಲ್ಲ. ಲಸಿಕೆ ಸರಿಯಾಗಿ ಸೋಸದಿದ್ದರೆ, ವರ್ಷಕ್ಕೆರಡು ಸಲದಂತೆ ಹತ್ತಾರು ಡೋಸ್ ಬಿದ್ದ ಹಳೆಯ ಹಸುವಿನಲ್ಲಿ ಸುಳ್ಳು ಪಾಸಿಟಿವ್ ಬರಬಹುದು. ಹಾಗಾಗಿ ಇಡೀ ಕಾರ್ಯಕ್ರಮ ನಿಂತಿರುವುದು ಆ ಸೋಸುವ ಕೆಲಸದ ಮೇಲೆ. ಒಂದು ಹಸುವಿನ ಫಲಿತಾಂಶ ನೋಡಿ ತೀರ್ಮಾನ ಮಾಡುವುದಿಲ್ಲ, ಮಂದೆಯನ್ನೇ ನೋಡುತ್ತಾರೆ.

ಔಷಧಿಯ ಕಥೆ ಚಿಕ್ಕದಾಗಿ ಹೇಳಬಹುದು, ಅದು ಹೆಚ್ಚು ಜನಕ್ಕೆ ಗೊತ್ತಿರುವುದೇ. ಹೆಪಟೈಟಿಸ್ ಸಿ ವೈರಸ್‌ಗೆ ಇವತ್ತಿಗೂ ಲಸಿಕೆ ಇಲ್ಲ. ಆದರೆ ಮಾತ್ರೆಯಿಂದ ಹೆಚ್ಚೂಕಮ್ಮಿ ಎಲ್ಲರಿಗೂ ಗುಣವಾಗುತ್ತದೆ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಫೊಸ್ಬುವಿರ್ ಹಿಡಿಯುವುದು ಎನ್‌ಎಸ್‌5ಬಿ ಪಾಲಿಮರೇಸನ್ನು, ಜೊತೆಗೆ ಕೊಡುವ ಡಕ್ಲಟಾಸ್ವಿರ್ ಎನ್‌ಎಸ್‌5ಎಯನ್ನು. ಕೋವಿಡ್ ವೈರಸ್‌ನಲ್ಲಿ ಇಂಥ ಪ್ರೋಟೀನು ಹದಿನಾರು. 2021ರಲ್ಲಿ ನಮ್ಮ ಜನ ಸಾಲು ನಿಂತು, ಕಾಳಸಂತೆಯಲ್ಲಿ ಹಣ ಸುರಿದು ತಂದ ರೆಮ್‌ಡೆಸಿವಿರ್ ತಡೆಯುವುದು ಅದರ ಹನ್ನೆರಡನೆಯದನ್ನು, ಅಂದರೆ ನಕಲು ಯಂತ್ರವನ್ನು. ಯಂತ್ರ ಓಡುತ್ತಿರುವಾಗ ತಡೆದರೆ ಲಾಭ. ಆಸ್ಪತ್ರೆಗೆ ಸೇರುವ ಮುಂಚೆ, ಮೊದಲ ದಿನಗಳಲ್ಲಿ ಮೂರು ದಿನ ಕೊಟ್ಟಾಗ ಆಸ್ಪತ್ರೆ ಸೇರುವ ಸಂಭವ ಶೇ 87ರಷ್ಟು ಕಮ್ಮಿಯಾಯಿತು ಅಂತ ಒಂದು ಅಧ್ಯಯನ ತೋರಿಸಿತು. ನಾವು ಅದನ್ನು ಹುಡುಕಿಕೊಂಡು ಓಡಿದ್ದು ಹೆಚ್ಚಾಗಿ ಉಸಿರಾಟ ಕೆಟ್ಟ ಮೇಲೆ. ಆ ಹೊತ್ತಿಗೆ ವೈರಸ್ ತನ್ನ ಪಾಲಿನ ಕೆಲಸ ಬಹಳಷ್ಟು ಮುಗಿಸಿರುತ್ತದೆ.

ಡೆಂಗಿಗೆ ಇಂಥ ಮಾತ್ರೆ ಇನ್ನೂ ಬಂದಿಲ್ಲ. ಎನ್‌ಎಸ್‌3 ಮತ್ತು ಎನ್‌ಎಸ್‌4ಬಿ ಕೈ ಕೂಡದಂತೆ ತಡೆಯುವ ಮಾಸ್ನೋಡೆನ್‌ವಿರ್ ಆಸೆ ಹುಟ್ಟಿಸಿತ್ತು. 2024ರ ಅಕ್ಟೋಬರ್‌ನಲ್ಲಿ ಜಾನ್ಸನ್ ಆಂಡ್ ಜಾನ್ಸನ್ ಕಂಪನಿ ತನ್ನ ಆದ್ಯತೆ ಬದಲಾಗಿದೆ ಅಂತ ಎರಡನೇ ಹಂತದ ಪ್ರಯೋಗವನ್ನೇ ನಿಲ್ಲಿಸಿತು. ಔಷಧಿಯಿಂದ ತೊಂದರೆಯಾಗಿ ನಿಂತದ್ದಲ್ಲ. ಬಡ ದೇಶಗಳ ಜ್ವರಕ್ಕೆ ಮಾರುಕಟ್ಟೆ ಎಷ್ಟು ದಿನ ಕಾಯುತ್ತದೆ ಅನ್ನುವ ಪ್ರಶ್ನೆ ನನಗಂತೂ ಬಂತು.

ಲಸಿಕೆಯಲ್ಲಿ ಈ ಪ್ರೋಟೀನುಗಳ ಪಾತ್ರ ಅರ್ಥವಾಗಲು ಫಿಲಿಪೀನ್ಸ್‌ಗೆ ಹೋಗಬೇಕು. 2016ರಲ್ಲಿ ಅಲ್ಲಿ ಶಾಲಾ ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಅನ್ನುವ ಡೆಂಗಿ ಲಸಿಕೆ ಹಾಕಲು ಶುರು ಮಾಡಿದರು. 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಬಿತ್ತು. ಈ ಲಸಿಕೆ ಒಂದು ಕಸಿ ವೈರಸ್. ಹೊದಿಕೆ ಡೆಂಗಿಯದು, ಎನ್‌ಎಸ್ ಪ್ರೋಟೀನುಗಳೆಲ್ಲ ಹಳದಿ ಜ್ವರದ ಲಸಿಕೆ ವೈರಸ್‌ನವು. ಮೊದಲೇ ಡೆಂಗಿ ಬಂದವರಿಗೆ ಅದು ಒಳ್ಳೆಯದು ಮಾಡುತ್ತಿತ್ತು. ಬರದೇ ಇದ್ದವರಿಗೆ ಉಲ್ಟಾ ಹೊಡೆಯುತ್ತಿದೆಯಾ ಅನ್ನುವ ಅನುಮಾನ ಎದ್ದಿತು. ಅದನ್ನು ನೋಡಲು ಲಸಿಕೆಗೆ ಮುಂಚೆ ಯಾರಿಗೆ ಡೆಂಗಿ ಬಂದಿತ್ತು ಅಂತ ಗೊತ್ತಾಗಬೇಕು. ಈ ಲಸಿಕೆಯನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಲಸಿಕೆಗೆ ಮುಂಚಿನ ರಕ್ತ ತೆಗೆದಿಟ್ಟದ್ದು ಸ್ವಲ್ಪ ಮಕ್ಕಳದ್ದು ಮಾತ್ರ. ಲಸಿಕೆ ಆದ ಮೇಲಿನ, ಹದಿಮೂರನೇ ತಿಂಗಳ ರಕ್ತ ಇತ್ತು.

ಇಲ್ಲಿ ಕೊಟ್ಟಿಗೆಯ ಉಪಾಯವೇ ಕೆಲಸಕ್ಕೆ ಬಂತು. ಲಸಿಕೆಯಲ್ಲಿ ಡೆಂಗಿಯ ಎನ್‌ಎಸ್‌1 ಇಲ್ಲ. ಹಾಗಾದರೆ ರಕ್ತದಲ್ಲಿ ಡೆಂಗಿ ಎನ್‌ಎಸ್‌1 ವಿರುದ್ಧ ಆಂಟಿಬಾಡಿ ಇದ್ದರೆ ಅದು ಸೋಂಕಿನಿಂದಲೇ ಬಂದಿರಬೇಕು. ಹೀಗೆ ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದಾಗ ಅನುಮಾನ ನಿಜವಾಯಿತು. ಮೊದಲು ಡೆಂಗಿ ಬರದ ಮಕ್ಕಳಲ್ಲಿ ಲಸಿಕೆಯಿಂದ ಆಸ್ಪತ್ರೆ ಸೇರುವಷ್ಟು ಜೋರು ಡೆಂಗಿ ಬರುವ ಸಂಭವ ಹೆಚ್ಚಾಗಿತ್ತು. 2017ರ ನವೆಂಬರ್‌ನಲ್ಲಿ ಲಸಿಕೆ ತಯಾರಿಸಿದ ಸನೋಫಿ ಕಂಪನಿ ಅದನ್ನು ಹೊರಗೆ ಹೇಳಿತು. ಫಿಲಿಪೀನ್ಸ್ ಕಾರ್ಯಕ್ರಮ ನಿಂತಿತು. ಅಲ್ಲಿನ ಜನರಿಗೆ ಬೇರೆ ಲಸಿಕೆಗಳ ಮೇಲಿದ್ದ ನಂಬಿಕೆಯೂ ಅಲುಗಾಡಿತು.

ಲಸಿಕೆ ಹೀಗೆ ಸೋತದ್ದು ಎನ್‌ಎಸ್ ಪ್ರೋಟೀನು ಇಲ್ಲದ್ದಕ್ಕೇ ಅಂತ ಒಂದೇ ಮಾತಿನಲ್ಲಿ ಹೇಳಲಾಗದು. ನಾಲ್ಕು ಬಗೆಗೂ ಸಮನಾದ ರಕ್ಷಣೆ ಹುಟ್ಟಲಿಲ್ಲ ಅನ್ನುವುದೂ ಇದೆ. ಆದರೆ ಡೆಂಗಿ ವಿರುದ್ಧದ ಟಿ ಕೋಶಗಳು, ಅದರಲ್ಲೂ ಸೋಂಕಾದ ಜೀವಕೋಶವನ್ನೇ ಹುಡುಕಿ ಕೊಲ್ಲುವಂಥವು, ಹೆಚ್ಚಾಗಿ ಗುರುತಿಸುವುದು ಎನ್‌ಎಸ್‌3, ಎನ್‌ಎಸ್‌5ರಂಥ ಕಣದಲ್ಲಿಲ್ಲದ ಪ್ರೋಟೀನುಗಳನ್ನು. ಹೊದಿಕೆ ಮಾತ್ರ ಡೆಂಗಿಯದಾದ ಲಸಿಕೆ ಆ ಪಾಠ ಕಲಿಸಲಾರದು. ಆಮೇಲೆ ಬಂದ ಲಸಿಕೆಗಳು ಡೆಂಗಿಯದೇ ಬೆನ್ನೆಲುಬು ಇಟ್ಟುಕೊಂಡವು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಹುಟ್ಟಿದ ಲಸಿಕೆಯಲ್ಲಿ ಒಂದು, ಮೂರು, ನಾಲ್ಕನೇ ಬಗೆಯ ವೈರಸ್‌ಗಳು ತಮ್ಮ ಹತ್ತೂ ಪ್ರೋಟೀನುಗಳ ಸಮೇತ ಇವೆ. ಎರಡನೆಯದರ ಹೊದಿಕೆಯನ್ನು ನಾಲ್ಕನೆಯದರ ಮೇಲೆ ಕಸಿ ಮಾಡಿದ್ದಾರೆ. ಅದನ್ನು ಆಧರಿಸಿ ಪನೇಸಿಯಾ ಬಯೋಟೆಕ್ ಮಾಡಿರುವ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗ ಐಸಿಎಂಆರ್ ಜೊತೆ ಸೇರಿ 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಲ್ಲಿ ಶುರುವಾಯಿತು. ದೇಶದ 19 ಕಡೆ, 10,335 ವಯಸ್ಕರು, ಎರಡು ವರ್ಷ ನಿಗಾ.

ಇಂಥ ಲಸಿಕೆ ಹಾಕಿಸಿಕೊಂಡವರ ದೇಹದಲ್ಲಿ ಡೆಂಗಿಯದೇ ಎನ್‌ಎಸ್‌1 ಸ್ವಲ್ಪವಾದರೂ ತಯಾರಾಗುತ್ತದೆ. ಅದರ ವಿರುದ್ಧ ಆಂಟಿಬಾಡಿಯೂ ಹುಟ್ಟಬಹುದು. ಕೊಟ್ಟಿಗೆಯ ಉಪಾಯ ಇಲ್ಲಿ ನಡೆಯುವುದಿಲ್ಲ, ಯಾರಿಗೆ ಮೊದಲು ಡೆಂಗಿ ಬಂದಿತ್ತು ಅಂತ ಆಮೇಲೆ ಹುಡುಕಲು ಆಗುವುದಿಲ್ಲ. ಸೂಜಿ ಚುಚ್ಚುವ ಮುಂಚೆಯೇ ಒಂದು ಟ್ಯೂಬ್ ರಕ್ತ ತೆಗೆದು ಫ್ರೀಜರ್‌ನಲ್ಲಿ ಇಟ್ಟಿರಬೇಕು.